ಪಾಳಿ ಕೆಲಸದ ನಡುವೆ 50 ಕಿ.ಮೀ. ಗುಡ್ಡದ ಓಟ: ತಯಾರಿ ಹೇಗೆ?

ಓಟದ ತರಬೇತಿ ಪಟ್ಟಿಗಳೆಲ್ಲ ಭಾನುವಾರ ರಜೆ ಇರುವವರ ಲೆಕ್ಕದಲ್ಲಿ ಬರೆದವು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಶಕ್ತಿನಗರದ ವಿದ್ಯುತ್ ಸ್ಥಾವರ, ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಮಾಡುವವರಿಗೆ ಅವು ಹೊಂದುವುದಿಲ್ಲ. ವಾರದ ಲೆಕ್ಕ ಬಿಡಿ. ಪಾಳಿ ವಾರಕ್ಕೊಮ್ಮೆ ಬದಲಾಗುತ್ತಿದ್ದರೆ 21 ದಿನಕ್ಕೆ ಒಂದು ಸುತ್ತು ಮುಗಿಯುತ್ತದೆ. ಅಂಥ ಆರು ಸುತ್ತು, ಅಂದರೆ 18 ವಾರ, ತಯಾರಿಗೆ ಸಾಕು. ಆದರೆ ಶುರು ಮಾಡುವ ಮೊದಲೇ ವಾರಕ್ಕೆ 30 ಕಿ.ಮೀ. ನೋವಿಲ್ಲದೆ ಓಡುವ ರೂಢಿ ಇರಬೇಕು.

ಮಧ್ಯಾಹ್ನ 2ರಿಂದ ರಾತ್ರಿ 10ರ ಪಾಳಿಯ ವಾರದಲ್ಲಿ ಹೆಚ್ಚು ಓಡಿ. ಮಲಗುವುದೇ ಹನ್ನೊಂದೂವರೆ ಆಗುವುದರಿಂದ ನಸುಕಿನ 4ಕ್ಕೆ ಏಳುವ ಹಟ ಬೇಡ. 6ಕ್ಕೆ ಎದ್ದು ಓಡಿ ಬಂದು, ಡ್ಯೂಟಿಗೆ ಹೋಗುವ ಮೊದಲು ಒಂದು ತಾಸು ಮಲಗಿ. ಬೆಳಗಿನ 6ರ ಪಾಳಿಯ ವಾರದಲ್ಲಿ ಸಂಜೆ 45 ನಿಮಿಷದಿಂದ ಒಂದು ತಾಸು. ರಾತ್ರಿ ಪಾಳಿಯ ವಾರವೇ ಇಳಿಕೆಯ ವಾರ: ಓಟ ಅರ್ಧಕ್ಕಿಳಿಸಿ, ಹಗಲು ಆರು-ಏಳು ತಾಸು ನಿದ್ದೆ ಆದ ಮೇಲೆಯೇ ಸಂಜೆ ಮೆಲ್ಲಗೆ ಓಡಿ. ಹೇಗೂ ಮೂರು ವಾರಕ್ಕೊಮ್ಮೆ ದೇಹಕ್ಕೆ ಬಿಡುವು ಬೇಕು, ಅದನ್ನು ಪಾಳಿಯೇ ಗೊತ್ತುಮಾಡಿ ಕೊಡುತ್ತದೆ. ರಾತ್ರಿ ಪಾಳಿ ಮುಗಿಸಿ ನೇರ ಗುಡ್ಡಕ್ಕೆ ಹೋಗುವುದಂತೂ ಬೇಡವೇ ಬೇಡ. ನಿದ್ದೆಗಣ್ಣಿನಲ್ಲಿ ಕಾಲು ಎತ್ತುವುದು ಒಂದಿಂಚು ಕಡಿಮೆಯಾದರೆ ಸಾಕು, ಕಲ್ಲು ಎಡವುತ್ತದೆ.

ಲೆಕ್ಕ ಕಿಲೋಮೀಟರಿನಲ್ಲಿ ಬೇಡ, ತಾಸಿನಲ್ಲಿರಲಿ. ಆನೆಗೊಂದಿಯ ಬಂಡೆಗಳ ನಡುವೆ ಎರಡು ತಾಸಿಗೆ 10 ಕಿ.ಮೀ. ಕೂಡ ಆಗಲಿಕ್ಕಿಲ್ಲ. ವಾರಕ್ಕೆ 5 ತಾಸಿನಿಂದ ಶುರುಮಾಡಿ 8ಕ್ಕೆ ಬನ್ನಿ. ಅತಿ ಉದ್ದದ ಓಟ 5ರಿಂದ 6 ತಾಸು. ಅದು ಸ್ಪರ್ಧೆಗೆ ಮೂರು ವಾರ ಮೊದಲೇ ಮುಗಿದಿರಲಿ.

ಏರು ಎಲ್ಲರೂ ಅಭ್ಯಾಸ ಮಾಡುತ್ತಾರೆ, ತೊಡೆ ಕೈಕೊಡುವುದು ಇಳಿಜಾರಿನಲ್ಲಿ. ಮೊದಲ ಸುತ್ತಿನಲ್ಲಿ ಒಂದು ದಿನಕ್ಕೆ ಒಟ್ಟು ಹತ್ತು ನಿಮಿಷದ ಇಳಿಜಾರು ಸಾಕು, ಆಮೇಲೆ ಸುತ್ತಿಗೆ ಐದೈದು ನಿಮಿಷ ಏರಿಸಿ. ಹೆಜ್ಜೆ ಗಿಡ್ಡ, ಮೊಣಕಾಲು ಸಡಿಲ. ಹಿಮ್ಮಡಿ ಊರಿ ಬ್ರೇಕ್ ಹಾಕಬೇಡಿ. ಅಂಜನಾದ್ರಿಯ ಸುಮಾರು 575 ಮೆಟ್ಟಿಲು ಏರಿಗೆ ಚೆನ್ನ, ಆದರೆ ಶನಿವಾರ ಭಕ್ತರ ನಡುವೆ ಓಡುವುದು ಸಭ್ಯತೆಯಲ್ಲ.

ಬೇಸಿಗೆಯಲ್ಲಿ ಇಲ್ಲೊಂದು ಇಕ್ಕಟ್ಟಿದೆ. ಬಿಸಿಲು 40 ಡಿಗ್ರಿ ದಾಟುವುದರಿಂದ ಉದ್ದದ ಓಟಕ್ಕೆ ಕತ್ತಲಲ್ಲೇ ಹೊರಡಬೇಕು. ಕತ್ತಲಲ್ಲಿ ಸಂಡೂರು, ಆನೆಗೊಂದಿ ಗುಡ್ಡಗಳಲ್ಲಿ ಕರಡಿ, ಚಿರತೆ ತಿರುಗುತ್ತವೆ. ಹಾಗಾಗಿ ಕತ್ತಲಿರುವ ತನಕ ಊರಿನ ರಸ್ತೆ, ಮೈದಾನ. ಬೆಳಕು ಹರಿದ ಮೇಲೆ ಗುಡ್ಡ, ಅದೂ ಇಬ್ಬರು ಜೊತೆಗೆ, ಎಂಟೂವರೆಯೊಳಗೆ ವಾಪಸ್. ಅರಣ್ಯ ಪ್ರದೇಶಕ್ಕೆ ಇಲಾಖೆಯ ಅನುಮತಿ ಕೇಳಿಕೊಳ್ಳಿ. ಮಳೆ ಬಿದ್ದ ಮರುದಿನ ಎರೆಹೊಲದ ದಾರಿ ಹಿಡಿಯಬೇಡಿ, ಬೂಟಿಗೆ ಮುದ್ದೆ ಮುದ್ದೆ ಮಣ್ಣು ಅಂಟಿ ಕಣಕಾಲು ಎಳೆಯುತ್ತದೆ. ಗರಸಿನ ದಾರಿ ಬೇಗ ಆರುತ್ತದೆ.

ಬೂಟು ಕೊಳ್ಳುವುದು ಪಾಳಿ ಮುಗಿದ ಸಂಜೆ, ಪಾದ ಊದಿಕೊಂಡಾಗ. ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಜಾಗ ಬೇಕು. ಈ ಸೀಮೆಯ ದೊಡ್ಡ ಕಾಟ ಬಳ್ಳಾರಿ ಜಾಲಿಯ ಮುಳ್ಳು. ಸ್ಪಂಜಿನ ಅಟ್ಟೆಗೆ ಹೊಕ್ಕು ಅಲ್ಲೇ ಮುರಿಯುತ್ತದೆ. ಅವತ್ತು ಗೊತ್ತಾಗುವುದಿಲ್ಲ; ಮೂರ್ನಾಲ್ಕು ಓಟದಲ್ಲಿ ಅಟ್ಟೆ ಸವೆದು, ಒತ್ತಿ, ತುದಿ ಮೇಲೆ ಬಂದು ಪಾದಕ್ಕೆ ಚುಚ್ಚುತ್ತದೆ. ಗುಡ್ಡದಿಂದ ಬಂದ ಕೂಡಲೇ ಒಳಹಾಳೆ ಎತ್ತಿ ಬೆರಳಾಡಿಸಿ ನೋಡಿ, ಸಿಕ್ಕಿದ್ದನ್ನು ಇಕ್ಕಳದಿಂದ ಕೀಳಿ. ಧನುರ್ವಾಯು ಚುಚ್ಚುಮದ್ದು ತೆಗೆದುಕೊಂಡು 10 ವರ್ಷ ಮೀರಿದ್ದರೆ ಮತ್ತೊಮ್ಮೆ ಹಾಕಿಸಿಕೊಳ್ಳಿ.

ನೀರಿನ ಅಳತೆ ತೂಕದಿಂದ ಗೊತ್ತಾಗುತ್ತದೆ. ಒಂದು ತಾಸು ಓಡುವ ಮೊದಲು, ಆಮೇಲೆ ತೂಗಿ. ಇಳಿದ ತೂಕಕ್ಕೆ ಕುಡಿದ ನೀರು ಸೇರಿಸಿದರೆ ತಾಸಿನ ಬೆವರು ಸಿಗುತ್ತದೆ. ಓಟದ ನಂತರ ತೂಕ ಏರಿದ್ದರೆ ನೀರು ಅತಿಯಾಗಿದೆ ಎಂದರ್ಥ. ನೀರು ಅತಿಯಾಗಿ ರಕ್ತದ ಸೋಡಿಯಂ (ಉಪ್ಪಿನಂಶ) ಇಳಿಯುವುದೂ ಅಪಾಯವೇ. ಒಂದು ಲೀಟರಿಗೆ ಮಟ್ಟಸ ಅರ್ಧ ಟೀ ಚಮಚ ಉಪ್ಪು, ಆರು ಚಮಚ ಸಕ್ಕರೆ, ನಿಂಬೆರಸ. ತಿನ್ನಲು ಅರ್ಧ ತಾಸಿಗೆ ಒಂದರಂತೆ ಬಾಳೆಹಣ್ಣು, ಅಡಿಕೆಗಾತ್ರದ ಎರಡು ಬೆಲ್ಲದ ಚೂರು, ಖರ್ಜೂರ ಬದಲಿಸುತ್ತ ಹೋಗಿ. ತಾಸಿಗೆ 30ರಿಂದ 60 ಗ್ರಾಂ ಪಿಷ್ಟ-ಸಕ್ಕರೆ ಹೊಟ್ಟೆಗೆ ಬೀಳಬೇಕು. ಓಟದ ಬೆಳಿಗ್ಗೆ ಒಗ್ಗರಣಿ-ಮಿರ್ಚಿ ಬೇಡ, ಓಟ ಮುಗಿದ ಮೇಲೆ ಎಷ್ಟಾದರೂ ಹೊಡೆಯಿರಿ.

ನೋವಿಗೆ ಹತ್ತರಲ್ಲಿ ಅಂಕ ಕೊಡಿ. ಮೂರರೊಳಗಿದ್ದು ಮರುದಿನ ಬೆಳಿಗ್ಗೆ ಇಳಿದಿದ್ದರೆ ಓಡಬಹುದು, ಓಡುತ್ತ ಏರಿದರೆ ನಿಲ್ಲಿಸಿ. ಹಿಮ್ಮಡಿ ಮೇಲಿನ ನರ ಬೆಳಿಗ್ಗೆ ಬಿಗಿದುಕೊಳ್ಳುತ್ತಿದ್ದರೆ ಮೆಟ್ಟಿಲ ಅಂಚಿನಲ್ಲಿ ಮುಂಗಾಲ ಮೇಲೆ ನಿಂತು ಹಿಮ್ಮಡಿ ನಿಧಾನಕ್ಕೆ ಇಳಿಸಿ: 15 ಸಲದಂತೆ ಮೂರು ಸರ್ತಿ, ದಿನಕ್ಕೆರಡು ಹೊತ್ತು, 12 ವಾರ. ಎರಡು ವಾರಕ್ಕೆ ಬೇಸತ್ತು ಬಿಡುವವರೇ ಜಾಸ್ತಿ. ಕಣಕಾಲು ಉಳುಕಿ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಣ್ಣೆ ತಿಕ್ಕಿಸಬೇಡಿ, ಎಕ್ಸ್‌ರೇ ತೆಗೆಸಿ. ಮುಂಗಾಲಿನ ಎಲುಬಿನ ಮೇಲೆ ಒಂದೇ ಬಿಂದುವಿನಲ್ಲಿ ಬೆರಳಿಟ್ಟರೆ ನೋವು, ರಾತ್ರಿಯೂ ನೋವು ಎಂದರೆ ಎಲುಬು ಬಿರುಕು ಬಿಟ್ಟಿರಬಹುದು. ಓಟ ನಿಲ್ಲಿಸಿ ವೈದ್ಯರಲ್ಲಿ ಹೋಗಿ. ನೋವಿನ ಮಾತ್ರೆ ನುಂಗಿ ಗುಡ್ಡ ಹತ್ತುವ ಚಟ ಕೆಟ್ಟದ್ದು: ನೀರು ಕಡಿಮೆಯಾದ ದೇಹದಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಜೊತೆಯವರು ಬಿಸಿಲಲ್ಲಿ ತಪ್ಪುತಪ್ಪು ಮಾತಾಡತೊಡಗಿದರೆ ಮೊದಲು ಮೈಗೆಲ್ಲ ನೀರು ಸುರಿದು ಗಾಳಿ ಹಾಕಿ, ಅದರ ಜೊತೆಗೇ 108ಕ್ಕೆ ಕರೆ ಮಾಡಿ.

ಸ್ಪರ್ಧೆಯ ದಿನ ಗೊತ್ತಾದ ಕೂಡಲೇ ಪಾಳಿ ಪಟ್ಟಿ ನೋಡಿ. ಆ ವಾರ ರಾತ್ರಿ ಪಾಳಿ ಬೀಳುವಂತಿದ್ದರೆ ಒಂದು ತಿಂಗಳು ಮೊದಲೇ ಜೊತೆಗಾರರ ಹತ್ತಿರ ಅದಲುಬದಲು ಮಾಡಿಕೊಳ್ಳಿ. ಏಣಿ ಹತ್ತುವ ಅಥವಾ ಕ್ರೇನ್ ನಡೆಸುವ ಕೆಲಸದವರಾದರೆ ಸ್ಪರ್ಧೆಯ ನಂತರ ಎರಡು ದಿನ ರಜೆ ಹಾಕಿ. ಇಳಿಯುವಾಗ ತೊಡೆ ನಡುಗುವುದು ಮರುದಿನಕ್ಕಿಂತ ಮೂರನೇ ದಿನವೇ ಹೆಚ್ಚಿರಬಹುದು.