ಕೋಡಿ ಪಾತಾಳಕ್ಕೆ ಇಳಿದ ಕಥೆ

ಹಾಸನದ ಹತ್ತಿರ ಒಂದು ಕೆರೆಯಲ್ಲಿ ಹೂಳು ಎಷ್ಟಿದೆ ಅಂತ ಲೆಕ್ಕ ಹಾಕಲು ಡ್ರೋನ್ ಹಾರಿಸಿದ್ದೆ. ಹಳೇ ನಕ್ಷೆಯಲ್ಲಿ ಕೋಡಿಯ ಮಟ್ಟ 941.20 ಮೀಟರ್ ಅಂತಿತ್ತು, ಡ್ರೋನ್ ಅಳತೆಯಿಂದ ಮಾಡಿದ ನನ್ನ ಮಾಡೆಲ್‌ನಲ್ಲಿ 854.63. "ಏನ್ ಸಾರ್, ಕೋಡಿನ ಪಾತಾಳಕ್ಕೆ ಇಳಿಸಿಬಿಟ್ಟಿದ್ದೀರಲ್ಲ" ಅಂತ ಇಂಜಿನಿಯರ್ ನಕ್ಕರು.

ಡ್ರೋನ್ ಸುಳ್ಳು ಹೇಳಿರಲಿಲ್ಲ. ಜಿಪಿಎಸ್ ಎತ್ತರ ಅಳೆಯುವುದು ಎಲಿಪ್ಸಾಯ್ಡ್ ಮೇಲಿಂದ, ಅಂದರೆ ಭೂಮಿಗೆ ಹೊಂದಿಸಿದ ನುಣುಪಾದ ಲೆಕ್ಕದ ಚೆಂಡು. ನಕ್ಷೆಯವರು ಅಳೆದಿದ್ದು ಸಮುದ್ರ ಮಟ್ಟದಿಂದ, ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡಲ್ಲಿ ಬರೆದಿರುತ್ತಲ್ಲ, ಅದೇ. ಈ ಎರಡರ ನಡುವಿನ ಅಂತರ ಜಾಗದಿಂದ ಜಾಗಕ್ಕೆ ಬೇರೆ. ಸಮುದ್ರ ಮಟ್ಟ ಆ ಚೆಂಡಿಗಿಂತ ಕೆಳಗೆ ಇಳಿದಿರುವ ಜಗತ್ತಿನ ಅತಿ ದೊಡ್ಡ ತಗ್ಗು ಶ್ರೀಲಂಕಾದ ದಕ್ಷಿಣಕ್ಕಿದೆ, ಅಲ್ಲಿ ನೂರು ಮೀಟರ್‌ಗೂ ಜಾಸ್ತಿ. ಆ ತಗ್ಗಿನ ಪ್ರಭಾವ ನಮ್ಮ ತನಕವೂ ಇದೆ, ಈ ಅಂತರವನ್ನು ಲೆಕ್ಕ ಹಾಕಿ ಕೊಡುವ ಇಜಿಎಂ2008 ಮಾಡೆಲ್ ಪ್ರಕಾರ ನಮ್ಮ ಕೆರೆ ಹತ್ತಿರ ಸುಮಾರು ಮೈನಸ್ 87 ಮೀಟರ್.

ಸರಿ, ಕಂಟ್ರೋಲ್ ಪಾಯಿಂಟ್‌ಗಳನ್ನು, ಅಂದರೆ ಮಾಡೆಲ್ಲನ್ನು ಕೂರಿಸಲು ನೆಲದ ಮೇಲೆ ಅಳೆದಿಟ್ಟ ಗುರುತುಗಳನ್ನು, ಒಂದು ಲೆಕ್ಕದಿಂದ ಇನ್ನೊಂದಕ್ಕೆ ಬದಲಾಯಿಸುವ ಪ್ರೋಜ್ ಅನ್ನೋ ಸಾಫ್ಟ್‌ವೇರ್‌ಗೆ ಕೊಟ್ಟೆ. ಯಾವ ಎರರ್ರೂ ಇಲ್ಲದೆ ಓಡಿತು, ಎತ್ತರ ಮಾತ್ರ ಅದೇ 854.63! ಅರ್ಧ ದಿನ ತಲೆ ಕೆರೆದುಕೊಂಡೆ. ಕೊನೆಗೆ ನೋಡಿದರೆ ಯಾವ ಜಾಗದಲ್ಲಿ ಎಷ್ಟು ಅಂತರ ಅಂತ ತುಂಬಿಟ್ಟಿರುವ ಇಜಿಎಂನ ಗ್ರಿಡ್ ಫೈಲೇ ನನ್ನ ಲ್ಯಾಪ್‌ಟಾಪಲ್ಲಿ ಇರಲಿಲ್ಲ, ಅದು ಇಲ್ಲದಿದ್ದರೆ ಪ್ರೋಜ್ ಸುಮ್ನೆ ಹಾಕಿದ್ದನ್ನೇ ವಾಪಸ್ ಕೊಟ್ಟುಬಿಡುತ್ತೆ. ಅಷ್ಟರಲ್ಲಿ ತಾಳ್ಮೆ ಕೆಟ್ಟು ಕ್ಯಾಲ್ಕುಲೇಟರಲ್ಲಿ 87 ಕಳೆದು ನೋಡಿದ್ದೆ, ಕೋಡಿ 767ಕ್ಕೆ ಇಳಿದಿತ್ತು. ಕಳೆಯಬೇಕಾದ್ದು ಮೈನಸ್ 87ನ್ನು, ಅಂದರೆ ಕೂಡಬೇಕು ಅಲ್ವಾ.

ಗ್ರಿಡ್ ಹಾಕಿದ ಮೇಲೆ ಕೋಡಿ 941.62 ಬಂತು. ಇನ್ನೂ 42 ಸೆಂಟಿಮೀಟರ್ ಜಾಸ್ತಿ. ಇದನ್ನು ಹಾಗೇ ಬಿಡುವ ಹಾಗಿರಲಿಲ್ಲ, ಕೆರೆಯಷ್ಟು ಅಗಲಕ್ಕೆ ಅಷ್ಟು ದಪ್ಪ ಹೂಳು ಅಂದರೆ ಎಷ್ಟು ಟಿಪ್ಪರ್ ಲೋಡ್ ಅಂತ ನೀವೇ ಲೆಕ್ಕ ಹಾಕಿ. ಇಜಿಎಂ ಇಡೀ ಭೂಮಿಗೆ ಮಾಡಿದ ಮಾಡೆಲ್, ಇಲ್ಲಿನ ಬೆಂಚ್ ಮಾರ್ಕ್‌ಗೆ, ಅಂದರೆ ಸರ್ವೆಯವರು ಎತ್ತರ ಅಳೆದು ಹಾಕಿಟ್ಟ ಗುರುತಿಗೆ, ಕರಾರುವಾಕ್ಕಾಗಿ ಕೂರಬೇಕು ಅಂತೇನಿಲ್ಲ.

ಮಾರನೇ ದಿನ ಬೆಳಿಗ್ಗೆ ಏರಿ ಮೇಲೆ ನಡೆದೆ. ಮೋರಿ ಕಟ್ಟೆಯ ಮೇಲೆ, ಪಾಚಿ ಕೆರೆದ ಮೇಲೆ ಕಂಡ ಕೊಡಲಿ ಗುರುತಿನಂಥ ಗೀಟು, ಅದೇ ಹಳೇ ನಕ್ಷೆಯ ಬೆಂಚ್ ಮಾರ್ಕ್. ಅಲ್ಲಿ, ತೂಬಿನ ಹತ್ತಿರ, ಕೋಡಿ ಮೇಲೆ, ಮೂರೂ ಕಡೆ ರೋವರ್, ಅಂದರೆ ಸರ್ವೆಯ ಜಿಪಿಎಸ್, ನಿಲ್ಲಿಸಿ ಅಳೆದೆ. ವ್ಯತ್ಯಾಸ 41, 43, 42. ಒಂದೇ ಕಡೆಗೆ, ಹೆಚ್ಚುಕಮ್ಮಿ ಒಂದೇ ಅಳತೆ. ಕಂಟ್ರೋಲ್ ಪಾಯಿಂಟ್‌ಗಳಿಂದಲೇ 0.42 ಕಳೆದು ಮಾಡೆಲ್ಲನ್ನು ಮತ್ತೆ ಮೊದಲಿಂದ ಓಡಿಸಿದೆ. ರಿಪೋರ್ಟಿನ ಮೊದಲ ಪುಟದಲ್ಲೇ ಗ್ರಿಡ್ಡಿನ ಹೆಸರು, ಬೆಂಚ್ ಮಾರ್ಕ್ ಫೋಟೋ, ಕಳೆದ 42 ಸೆಂಟಿಮೀಟರ್ ಎಲ್ಲಾ ಬರೆದು ಕೊಟ್ಟೆ. ಇಂಜಿನಿಯರ್ ಫೋಟೋ ನೋಡಿ, ಈ ಗೀಟು ಇರೋದೇ ನಮಗೆ ಗೊತ್ತಿರಲಿಲ್ಲ ಅಂದರು.