ಮನೆಯ ಎಲ್ಲ ಲಿನಕ್ಸ್ ಕಂಪ್ಯೂಟರ್‌ಗಳಿಗೂ ಒಂದೇ ಬಳಕೆದಾರ ಖಾತೆ

ಮನೆಯವರಲ್ಲಿ ಯಾರು ಯಾವ ಕಂಪ್ಯೂಟರ್ ಮುಂದೆ ಕುಳಿತರೂ ತಮ್ಮ ಹೆಸರಿನಿಂದಲೇ ಲಾಗಿನ್ ಆಗಿ ತಮ್ಮ ಕಡತಗಳನ್ನೇ ಕಾಣುವಂತಾಗಬೇಕೆಂದರೆ, ಅದಕ್ಕೆ ದುಬಾರಿ ಯಂತ್ರವೇನೂ ಬೇಕಿಲ್ಲ. ಸದಾ ಚಾಲೂ ಇರಬಲ್ಲ ಒಂದು ಹಳೆಯ ಡೆಸ್ಕ್‌ಟಾಪ್ ಸಾಕು. ಈ ಲೇಖನಕ್ಕಾಗಿ ಹಜಾರದಲ್ಲಿ ಅಂಥದೊಂದು ಡೆಸ್ಕ್‌ಟಾಪ್, ಮಕ್ಕಳ ಕೋಣೆಯಲ್ಲಿ ಇನ್ನೊಂದು, ಜೊತೆಗೆ ಒಂದು ಲ್ಯಾಪ್‌ಟಾಪ್ ಇವೆಯೆಂದೂ, ಮೂರರಲ್ಲೂ ಉಬುಂಟು ಅಥವಾ ಡೆಬಿಯನ್ ಇದೆಯೆಂದೂ ಇಟ್ಟುಕೊಳ್ಳೋಣ. ಹಜಾರದ ಯಂತ್ರವೇ ನಮ್ಮ ಸರ್ವರ್, ಅಂದರೆ ಕಡತಗಳನ್ನು ಇಟ್ಟುಕೊಂಡು ಬೇರೆ ಯಂತ್ರಕ್ಕೆ ಒದಗಿಸುವ ಯಂತ್ರ. ರೂಟರ್‌ನ ಸೆಟ್ಟಿಂಗ್‌ಗೆ ಹೋಗಿ ಅದಕ್ಕೂ ಕೋಣೆಯ ಯಂತ್ರಕ್ಕೂ ಬದಲಾಗದ ಐಪಿ ವಿಳಾಸವನ್ನು (ನೆಟ್‌ವರ್ಕ್‌ನಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆಯನ್ನು) ಮೊದಲೇ ಕಾಯ್ದಿರಿಸಿಬಿಡಿ.

ಕಡತಗಳನ್ನು ಹಂಚುವ ಮುನ್ನ ಮಾಡಲೇಬೇಕಾದ ಕೆಲಸವೊಂದಿದೆ. ಹೆಚ್ಚಿನವರು ಎಡವುವುದು ಅದನ್ನು ಬಿಟ್ಟುಬಿಡುವುದರಿಂದ. ಲಿನಕ್ಸ್ ಕಡತದ ಮೇಲೆ ಮಾಲೀಕರ ಹೆಸರನ್ನು ಬರೆದಿಡುವುದಿಲ್ಲ, ಸಂಖ್ಯೆಯನ್ನು ಬರೆದಿಡುತ್ತದೆ. ಇನ್‌ಸ್ಟಾಲ್ ಮಾಡುವಾಗ ಸೃಷ್ಟಿಯಾದ ಮೊದಲ ಖಾತೆಗೆ 1000, ಆಮೇಲೆ ಸೇರಿಸಿದವರಿಗೆ 1001, 1002 ಎಂದು ಆ ಸಂಖ್ಯೆಗಳು ಸೇರಿಸಿದ ಕ್ರಮದಲ್ಲಿಯೇ ಸಿಗುತ್ತವೆ. ಹಜಾರದ ಯಂತ್ರದಲ್ಲಿ ಆ 1000ದ ಖಾತೆಯ ಬಳಿಕ ಅಮ್ಮನ ಖಾತೆಯನ್ನು ಮೊದಲು, ಮಗನ ಖಾತೆಯನ್ನು ನಂತರ ತೆರೆದಿದ್ದರೆ ಅಮ್ಮನ ಸಂಖ್ಯೆ 1001, ಮಗನದು 1002. ಕೋಣೆಯ ಯಂತ್ರದಲ್ಲಿ ಈ ಕ್ರಮ ತಿರುಗುಮುರುಗಾಗಿದ್ದರೆ ಸಂಖ್ಯೆಗಳೂ ತಿರುಗುಮುರುಗು. ಇಂಥ ಸ್ಥಿತಿಯಲ್ಲಿ ಸರ್ವರ್‌ನ ಫೋಲ್ಡರನ್ನು ಕೋಣೆಯ ಯಂತ್ರಕ್ಕೆ ಜೋಡಿಸಿ ಕಡತಗಳ ಪಟ್ಟಿ ತೋರಿಸುವ ಎಲ್‌ಎಸ್ ಆದೇಶವನ್ನು ಎಲ್ ಎಂಬ ಆಯ್ಕೆಯೊಡನೆ ಕೊಟ್ಟು ನೋಡಿದರೆ, ಅಮ್ಮನ ಬ್ಯಾಂಕ್ ಕಾಗದಪತ್ರಗಳ ಎದುರು ಮಗನ ಹೆಸರು ಕಾಣಿಸುತ್ತದೆ. ಇದು ತೋರಿಕೆಯ ದೋಷವಲ್ಲ: ಮಗ ಅವನ್ನು ನಿಜವಾಗಿಯೂ ತೆರೆಯಬಲ್ಲ, ಅಳಿಸಬಲ್ಲ, ಅಮ್ಮನಿಗೆ ಮಾತ್ರ ಅನುಮತಿ ಇಲ್ಲವೆಂಬ ಸಂದೇಶ ಬರುತ್ತದೆ.

ಆದ್ದರಿಂದ ಮೊದಲು ಒಂದು ಹಾಳೆಯಲ್ಲಿ ಮನೆಯವರ ಪಟ್ಟಿ ಮಾಡಿ, ಪ್ರತಿಯೊಬ್ಬರಿಗೂ ಇಂಗ್ಲಿಷಿನ ಸಣ್ಣ ಅಕ್ಷರಗಳ ಒಂದು ಖಾತೆಯ ಹೆಸರನ್ನೂ 2001ರಿಂದ ಆರಂಭವಾಗುವ ಒಂದು ಸಂಖ್ಯೆಯನ್ನೂ ಬರೆಯಿರಿ. ಹೊಸ ಶ್ರೇಣಿಯೇ ಏಕೆಂದರೆ, 1001 ಮತ್ತು 1002ನ್ನು ಪರಸ್ಪರ ಅದಲುಬದಲು ಮಾಡಲು ಹೊರಟರೆ ನಡುದಾರಿಯಲ್ಲಿ ಇಬ್ಬರ ಕಡತಗಳೂ ಒಂದೇ ಸಂಖ್ಯೆಯಡಿ ಕಲೆತುಹೋಗುತ್ತವೆ, ಆಮೇಲೆ ಯಾವುದು ಯಾರದೆಂದು ಬೇರ್ಪಡಿಸುವುದು ಬಹಳ ಕಷ್ಟ. 1000 ಸಂಖ್ಯೆಯ ಖಾತೆಯನ್ನು ಪ್ರತಿ ಯಂತ್ರದಲ್ಲೂ ನಿರ್ವಾಹಕ ಖಾತೆಯಾಗಿ ಹಾಗೆಯೇ ಉಳಿಸಿಕೊಳ್ಳಿ. ಸದ್ಯ ಅದನ್ನು ಮನೆಯವರಲ್ಲಿ ಒಬ್ಬರು ಬಳಸುತ್ತಿದ್ದರೆ ಅವರಿಗೆ ಬೇರೆ ಖಾತೆ ತೆರೆದುಕೊಡಿ. ಈ ಖಾತೆಯ ಕಡತಗಳು ಎಂದೂ ನೆಟ್‌ವರ್ಕ್‌ಗೆ ಹೋಗಬಾರದು, ಏಕೆಂದರೆ ಸರ್ವರ್ ಕೈಕೊಟ್ಟ ದಿನ ಯಂತ್ರದೊಳಗೆ ಹೋಗಿ ದುರಸ್ತಿ ಮಾಡಲು ಇದೊಂದೇ ದಾರಿ.

ಸಂಖ್ಯೆ ಬದಲಾಯಿಸುವಾಗ ಆ ಬಳಕೆದಾರರು ಪೂರ್ತಿ ಲಾಗ್‌ಔಟ್ ಆಗಿರಬೇಕು. ಅವರ ಒಂದು ಪ್ರಕ್ರಿಯೆ ಹಿನ್ನೆಲೆಯಲ್ಲಿ ನಡೆಯುತ್ತಿದ್ದರೂ ಖಾತೆಯ ಸಂಖ್ಯೆ ಬದಲಾಯಿಸುವ ಯೂಸರ್‌ಮಾಡ್ ಆದೇಶ ಒಪ್ಪುವುದಿಲ್ಲ. ನಿರ್ವಾಹಕ ಖಾತೆಯಿಂದ, ಆದೇಶವನ್ನು ಪೂರ್ಣ ಹಕ್ಕಿನೊಡನೆ ನಡೆಸುವ ಸುಡೊ ಬಳಸಿ, ಖಾತೆಯ ಹೆಸರಿನದೇ ಗುಂಪಿನ ಸಂಖ್ಯೆ ಬದಲಾಯಿಸುವ ಗ್ರೂಪ್‌ಮಾಡ್ ಆದೇಶಕ್ಕೆ ಸಣ್ಣ ಜಿ ಆಯ್ಕೆಯನ್ನೂ ಯೂಸರ್‌ಮಾಡ್ ಆದೇಶಕ್ಕೆ ಸಣ್ಣ ಯು ಆಯ್ಕೆಯನ್ನೂ ಕೊಟ್ಟು, ಹೊಸ ಸಂಖ್ಯೆಯನ್ನೂ ಖಾತೆಯ ಹೆಸರನ್ನೂ ಅದರ ಮುಂದೆ ಬರೆಯಿರಿ. ಹೋಮ್ ಫೋಲ್ಡರಿನೊಳಗಿನ, ಅಂದರೆ ಆ ಬಳಕೆದಾರರ ಸ್ವಂತ ಫೋಲ್ಡರಿನೊಳಗಿನ ಕಡತಗಳ ಮಾಲೀಕತ್ವವನ್ನು ಯೂಸರ್‌ಮಾಡ್ ತಾನೇ ಸರಿಪಡಿಸುತ್ತದೆ. ಆದರೆ ಗುಂಪಿನ ಸಂಖ್ಯೆಯನ್ನು ಗ್ರೂಪ್‌ಮಾಡ್ ಕಡತಗಳ ಮೇಲೆ ತಿದ್ದುವುದಿಲ್ಲ, ಹೋಮ್ ಫೋಲ್ಡರಿನ ಹೊರಗಿನ ಕಡತಗಳನ್ನು ಯೂಸರ್‌ಮಾಡ್ ಮುಟ್ಟುವುದಿಲ್ಲ. ಹಳೆಯ ಸಂಖ್ಯೆ ಹೊತ್ತು ಉಳಿದವನ್ನು ಫೈಂಡ್ ಆದೇಶದ ಯುಐಡಿ (ಬಳಕೆದಾರರ ಸಂಖ್ಯೆ) ಮತ್ತು ಜಿಐಡಿ (ಗುಂಪಿನ ಸಂಖ್ಯೆ) ಆಯ್ಕೆಗಳಿಂದ ಹುಡುಕಿ ನೀವೇ ಬದಲಾಯಿಸಬೇಕು. ಲಿನಕ್ಸ್‌ನ ಇಎಕ್ಸ್‌ಟಿ4 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಹೊರಗಿನ ಹಾರ್ಡ್ ಡಿಸ್ಕ್‌ಗಳಲ್ಲಿಯೂ ಇದೇ ಸಂಖ್ಯೆಗಳು ಕುಳಿತಿರುತ್ತವೆಂಬುದನ್ನು ಮರೆಯಬೇಡಿ. ಮೂರೂ ಯಂತ್ರಗಳಲ್ಲಿ ಇದು ಮುಗಿದ ಮೇಲೆ ಐಡಿ ಆದೇಶದ ಮುಂದೆ ಪ್ರತಿ ಹೆಸರನ್ನೂ ಕೊಟ್ಟು, ಬಂದ ಉತ್ತರವನ್ನು ಹಾಳೆಯೊಡನೆ ತಾಳೆ ನೋಡಿ.

ಈಗ ಎನ್‌ಎಫ್‌ಎಸ್, ಅಂದರೆ ಒಂದು ಯಂತ್ರದ ಫೋಲ್ಡರನ್ನು ನೆಟ್‌ವರ್ಕ್ ಮೂಲಕ ಇನ್ನೊಂದು ಯಂತ್ರಕ್ಕೆ ಜೋಡಿಸುವ ವ್ಯವಸ್ಥೆ. ಹಜಾರದ ಯಂತ್ರದಲ್ಲಿ ಎನ್‌ಎಫ್‌ಎಸ್ ಕರ್ನಲ್ ಸರ್ವರ್ ಪ್ಯಾಕೇಜನ್ನೂ ಉಳಿದವುಗಳಲ್ಲಿ ಎನ್‌ಎಫ್‌ಎಸ್ ಕಾಮನ್ ಪ್ಯಾಕೇಜನ್ನೂ ಹಾಕಿಕೊಳ್ಳಿ. ಸರ್ವರ್‌ನ ಇಟಿಸಿ ಫೋಲ್ಡರಿನಲ್ಲಿರುವ ಎಕ್ಸ್‌ಪೋರ್ಟ್ಸ್ ಕಡತದಲ್ಲಿ ಮನೆಯವರ ಒಂದೊಂದು ಹೋಮ್ ಫೋಲ್ಡರಿಗೂ ಒಂದೊಂದು ಸಾಲು ಬರೆದು, ಕೋಣೆಯ ಯಂತ್ರದ ಐಪಿ ವಿಳಾಸವನ್ನು ಕೊಟ್ಟು, ಅದಕ್ಕೆ ತಾಗಿದಂತೆ ಆವರಣ ಚಿಹ್ನೆಯೊಳಗೆ ಆರ್‌ಡಬ್ಲ್ಯೂ, ಸಿಂಕ್ ಮತ್ತು ಅಡಿಗೆರೆಗಳಿಂದ ಜೋಡಿಸಿದ ನೋ ಸಬ್‌ಟ್ರೀ ಚೆಕ್ ಎಂಬ ಆಯ್ಕೆಗಳನ್ನು ಸೇರಿಸಿ. ವಿಳಾಸಕ್ಕೂ ಆವರಣ ಚಿಹ್ನೆಗೂ ನಡುವೆ ಒಂದು ಖಾಲಿ ಜಾಗ ಬಿದ್ದರೂ ಅರ್ಥವೇ ಬದಲಾಗಿ, ಆ ಆಯ್ಕೆಗಳು ಜಗತ್ತಿನ ಎಲ್ಲ ಯಂತ್ರಗಳಿಗೂ ಅನ್ವಯವಾಗುತ್ತವೆ. ಆದ್ದರಿಂದ ಈ ಸಾಲನ್ನು ಎರಡು ಬಾರಿ ಓದಿ. ಅನಂತರ ಎಕ್ಸ್‌ಪೋರ್ಟ್‌ಎಫ್‌ಎಸ್ ಆದೇಶವನ್ನು ಆರ್ ಮತ್ತು ಎ ಆಯ್ಕೆಗಳೊಡನೆ ಕೊಟ್ಟರೆ ಬದಲಾವಣೆ ಜಾರಿಯಾಗುತ್ತದೆ. ಫೈರ್‌ವಾಲ್ ಇದ್ದರೆ 2049ನೇ ಟಿಸಿಪಿ ಪೋರ್ಟನ್ನು ಮನೆಯ ನೆಟ್‌ವರ್ಕ್‌ಗಷ್ಟೇ ತೆರೆಯಿರಿ. ಎನ್‌ಎಫ್‌ಎಸ್‌ನ 4ನೇ ಆವೃತ್ತಿಗೆ ಅದೊಂದೇ ಸಾಕು.

ಕೋಣೆಯ ಯಂತ್ರದಲ್ಲಿ ಈಗಾಗಲೇ ಕಡತಗಳಿದ್ದರೆ, ಜೋಡಿಸುವ ಮುನ್ನ ಅವರವರ ಖಾತೆಯಿಂದಲೇ ಎಸ್‌ಎಸ್‌ಎಚ್ (ಬೇರೆ ಯಂತ್ರದೊಡನೆ ಸುರಕ್ಷಿತ ಸಂಪರ್ಕ) ಮೂಲಕ ಆರ್‌ಸಿಂಕ್ ಎಂಬ ನಕಲು ಸಾಧನದಿಂದ ಸರ್ವರ್‌ನಲ್ಲಿ ಬೇರೊಂದು ಫೋಲ್ಡರಿಗೆ ಸಾಗಿಸಿಕೊಳ್ಳಿ, ಏಕೆಂದರೆ ನೆಟ್‌ವರ್ಕ್ ಫೋಲ್ಡರ್ ಬಂದು ಕುಳಿತೊಡನೆ ಸ್ಥಳೀಯ ಫೋಲ್ಡರಿನಲ್ಲಿದ್ದದ್ದು ಅದರ ಹಿಂದೆ ಮರೆಯಾಗುತ್ತದೆ. ಬಳಿಕ ಆ ಯಂತ್ರದಲ್ಲಿ ಏನನ್ನು ಎಲ್ಲಿ ಜೋಡಿಸಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಒಬ್ಬೊಬ್ಬರ ಹೋಮ್ ಫೋಲ್ಡರಿಗೂ ಒಂದು ಸಾಲು ಸೇರಿಸಿ, ಆಯ್ಕೆಗಳಲ್ಲಿ ನೋಫೇಲ್ ಮತ್ತು ಎಕ್ಸ್ ಸಿಸ್ಟಮ್‌ಡಿ ಆಟೊಮೌಂಟ್ ಇರಲಿ. ಮೊದಲನೆಯದರಿಂದ ಸರ್ವರ್ ಆರಿದ್ದರೂ ಯಂತ್ರ ಬೂಟ್ ಆಗುತ್ತದೆ, ಎರಡನೆಯದರಿಂದ ಫೋಲ್ಡರ್ ಬೇಕಾದಾಗ ಮಾತ್ರ ಜೋಡಣೆಯಾಗುತ್ತದೆ. ಎಲ್ಲರ ಹೋಮ್ ಫೋಲ್ಡರುಗಳನ್ನೂ ಒಳಗೊಂಡ ಮೇಲಿನ ಹೋಮ್ ಫೋಲ್ಡರನ್ನೇ ಒಂದೇ ಸಾಲಿನಲ್ಲಿ ಜೋಡಿಸುವ ಸಲಹೆ ಹಲವೆಡೆ ಕಾಣುತ್ತದೆ. ಹಾಗೆ ಮಾಡಿದರೆ ನಿರ್ವಾಹಕ ಖಾತೆಯ ಫೋಲ್ಡರೂ ಮರೆಯಾಗುವುದರಿಂದ ನಾನದನ್ನು ಒಪ್ಪುವುದಿಲ್ಲ. ಸರ್ವರ್ ನಡುವೆ ಆರಿದರೆ ಕೋಣೆಯ ಯಂತ್ರದ ಪ್ರೋಗ್ರಾಂಗಳು ಸ್ತಬ್ಧವಾಗಿ ಅದು ಮರಳಿ ಬರುವತನಕ ಕಾಯುತ್ತವೆ. ಇದು ಕಿರಿಕಿರಿಯೆಂದು ಸಾಫ್ಟ್ ಎಂಬ ಆಯ್ಕೆಯ ಮೊರೆ ಹೋಗಬೇಡಿ, ಅದರಿಂದ ಬರೆಯುತ್ತಿದ್ದ ಕಡತ ಅರ್ಧಕ್ಕೇ ಕೆಡುವ ಅಪಾಯವಿದೆ. ಕರೆಂಟ್ ಹೋಗಿ ಬರುವ ಊರುಗಳಲ್ಲಿ ಸರ್ವರ್‌ಗೂ ರೂಟರ್‌ಗೂ ಒಂದು ಯುಪಿಎಸ್ ಹಾಕಿಸುವುದೇ ಸರಿಯಾದ ಪರಿಹಾರ.

ಲ್ಯಾಪ್‌ಟಾಪ್ ಮನೆಯಿಂದ ಹೊರಗೆ ಹೋಗುವ ಯಂತ್ರ. ಅದರಲ್ಲಿ ಖಾತೆಯ ಹೆಸರೂ ಸಂಖ್ಯೆಯೂ ಒಂದೇ ಇರಲಿ, ಹೋಮ್ ಫೋಲ್ಡರ್ ಮಾತ್ರ ಅದರದೇ ಡಿಸ್ಕ್‌ನಲ್ಲಿರಲಿ; ಬೇಕಾದ ಫೋಲ್ಡರುಗಳನ್ನು ಸಿಂಕ್‌ಥಿಂಗ್‌ನಂಥ ಸಾಧನದಿಂದ ಸರ್ವರ್‌ನೊಡನೆ ಸರಿದೂಗಿಸಿಕೊಂಡರಾಯಿತು. ಕೋಣೆಯ ಯಂತ್ರದಲ್ಲಿಯೂ ಎರಡು ವಿಷಯ ಗಮನದಲ್ಲಿರಲಿ. ಒಬ್ಬರೇ ಎರಡೂ ಕಡೆ ಏಕಕಾಲಕ್ಕೆ ಲಾಗಿನ್ ಆಗಿದ್ದರೆ ಫೈರ್‌ಫಾಕ್ಸ್ ಒಂದು ಕಡೆ ತೆರೆಯಲು ನಿರಾಕರಿಸುತ್ತದೆ. ಎರಡು ಯಂತ್ರಗಳ ಉಬುಂಟು ಆವೃತ್ತಿ ಬೇರೆಯಾಗಿದ್ದರೆ ಡೆಸ್ಕ್‌ಟಾಪ್ ಸೆಟ್ಟಿಂಗ್‌ಗಳು ಒಂದನ್ನೊಂದು ಕೆಡಿಸಬಹುದು. ಆವೃತ್ತಿಗಳನ್ನು ಸಮನಾಗಿ ಇಡಲು ಆಗದವರು ಇಡೀ ಹೋಮ್ ಫೋಲ್ಡರಿನ ಬದಲು ದಾಖಲೆ, ಚಿತ್ರಗಳ ಫೋಲ್ಡರುಗಳನ್ನಷ್ಟೇ ಜೋಡಿಸಿಕೊಳ್ಳುವುದು ಒಳ್ಳೆಯದು. ಬಹುಪಾಲು ಮನೆಗಳಿಗೆ ಅಷ್ಟೇ ಸಾಕಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಭದ್ರತೆಯ ಮಾತನ್ನು ಮುಚ್ಚಿಡಬಾರದು. ಈ ವ್ಯವಸ್ಥೆಯಲ್ಲಿ, ಎದುರಿನ ಯಂತ್ರ ಯಾವ ಸಂಖ್ಯೆ ಹೇಳಿತೋ ಅದನ್ನು ಸರ್ವರ್ ನಂಬುತ್ತದೆ. ಕೋಣೆಯ ಯಂತ್ರದ ರೂಟ್ ಬಳಕೆದಾರನನ್ನು, ಅಂದರೆ ಎಲ್ಲ ಹಕ್ಕುಗಳೂ ಇರುವ ಖಾತೆಯನ್ನು, ಸರ್ವರ್ 65534 ಸಂಖ್ಯೆಯ ಅನಾಮಿಕನಾಗಿ ಇಳಿಸುವುದು ನಿಜ, ಆದರೆ ಅದೇ ರೂಟ್ ಅಮ್ಮನ ಖಾತೆಯ ವೇಷ ತೊಟ್ಟು ಬಂದರೆ ತಡೆಯುವವರಿಲ್ಲ. ಹಾಗಾಗಿ ಮಕ್ಕಳ ಖಾತೆಗೆ ಸುಡೊ ಹಕ್ಕು ಕೊಡಬೇಡಿ, ಮನೆಗೆ ಬಂದವರಿಗೆ ರೂಟರ್‌ನ ಅತಿಥಿ ವೈಫೈಯನ್ನೇ ಕೊಡಿ.

ಮೇಲಿನ ಕ್ರಮದಲ್ಲಿ ಪಾಸ್‌ವರ್ಡ್ ಬದಲಾದರೆ ಪ್ರತಿ ಯಂತ್ರದಲ್ಲೂ ಬದಲಾಯಿಸಬೇಕು. ಅದು ಬೇಡವೆನ್ನುವವರಿಗೆ ಫ್ರೀಐಪಿಎ ಇದೆ. ಎಲ್‌ಡಿಎಪಿ (ಖಾತೆಗಳ ಕೇಂದ್ರ ಪಟ್ಟಿ) ಮತ್ತು ಕರ್ಬೆರೋಸ್‌ಗಳನ್ನು (ಬಳಕೆದಾರರ ಗುರುತನ್ನು ಖಚಿತಪಡಿಸುವ ವ್ಯವಸ್ಥೆ) ಒಟ್ಟುಗೂಡಿಸಿರುವ ಈ ವ್ಯವಸ್ಥೆಯಲ್ಲಿ ಖಾತೆಗಳೆಲ್ಲ ಒಂದೇ ಕಡೆ ಇರುತ್ತವೆ, ಎನ್‌ಎಫ್‌ಎಸ್‌ನ ಮೇಲೆ ಹೇಳಿದ ದೌರ್ಬಲ್ಯಕ್ಕೂ ಕರ್ಬೆರೋಸ್ ಮದ್ದು. ಪ್ರತಿಯಾಗಿ ಅದು ಸ್ಥಿರವಾದ ಪೂರ್ಣ ಡೊಮೇನ್ ಹೆಸರನ್ನೂ ಸಾಕಷ್ಟು ಮೆಮೊರಿಯನ್ನೂ ಕೇಳುತ್ತದೆ, ಯಂತ್ರಗಳ ಗಡಿಯಾರಗಳ ನಡುವೆ 5 ನಿಮಿಷಕ್ಕಿಂತ ಹೆಚ್ಚು ಅಂತರ ಬಂದರೆ ಲಾಗಿನ್ನೇ ಆಗುವುದಿಲ್ಲ. ಮನೆಯ ಡೊಮೇನ್‌ಗೆಂದು 2018ರಲ್ಲಿ ಮೀಸಲಾದ ಹೋಮ್ ಡಾಟ್ ಆರ್ಪಾ ಎಂಬ ಹೆಸರನ್ನು ಬಳಸಿ. ಲೋಕಲ್ ಎಂಬ ಕೊನೆಯ ಪದ ಬೇರೆ ಕೆಲಸಕ್ಕೆ ಮೀಸಲು. ಹಳೆಯ ಪುಸ್ತಕಗಳಲ್ಲಿ ಕಾಣುವ, 1980ರ ದಶಕದಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ರೂಪಿಸಿದ, ಖಾತೆಗಳನ್ನು ಹಂಚುವ ಎನ್‌ಐಎಸ್ ಅನ್ನು ಇಂದು ಬಳಸಬಾರದು. ಅದು ಪಾಸ್‌ವರ್ಡ್ ಹ್ಯಾಶ್‌ಗಳನ್ನು (ಪಾಸ್‌ವರ್ಡಿನ ಸಂಕೇತ ರೂಪಗಳನ್ನು) ನೆಟ್‌ವರ್ಕ್‌ನಲ್ಲಿ ಮರೆಯಿಲ್ಲದೆ ಕಳಿಸುತ್ತದೆ.

ಎಲ್ಲವೂ ಸಿದ್ಧವಾದ ಮೇಲೆ ಅಮ್ಮನ ಖಾತೆಯಿಂದ ಕೋಣೆಯಲ್ಲಿ ಒಂದು ಕಡತ ಬರೆದು, ಅದನ್ನು ಹಜಾರದಲ್ಲಿ ತೆರೆದು ತಿದ್ದಿ ನೋಡಿ. ಮಗನ ಖಾತೆಯಿಂದ ಅದೇ ಕಡತ ತೆರೆಯಲು ಹೋದಾಗ ಅನುಮತಿ ಸಿಗಬಾರದು. ಬಳಿಕ ಸರ್ವರನ್ನು ಆರಿಸಿ ಕೋಣೆಯ ಯಂತ್ರವನ್ನು ಮರುಚಾಲನೆ ಮಾಡಿ, ನಿರ್ವಾಹಕ ಖಾತೆಯಿಂದ ಒಳಹೋಗಲು ಆಗುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಈ ಪರೀಕ್ಷೆಗಳು ದಾಟಿ, ಸರ್ವರ್‌ನ ಕಡತಗಳ ಒಂದು ಪ್ರತಿ ಬೇರೊಂದು ಡಿಸ್ಕ್‌ಗೆ ಸೇರಿದ ನಂತರವೇ ಕೋಣೆಯ ಯಂತ್ರದಲ್ಲಿ ಮರೆಯಾಗಿ ಉಳಿದಿರುವ ಹಳೆಯ ಫೋಲ್ಡರುಗಳನ್ನು ಅಳಿಸಿ.