ಎವರೆಸ್ಟ್‌ಗೋ ಎವರೆಸ್ಟನ್ನೋ: ನನ್ನ ಟಿವಿ ಕ್ವಿಜ್ ಅನುಭವ

ನಾನು ಟಿವಿ ಕ್ವಿಜ್ ಶೋನಲ್ಲಿ ಎರಡು ಸಲ ಕೂತಿದೀನಿ, ಹದಿನಾಲ್ಕನೇ ವಯಸ್ಸಲ್ಲಿ ಒಂದ್ಸಲ, ಮುಂದಿನ ವರ್ಷ ಇನ್ನೊಂದ್ಸಲ. ಮೊದಲನೇ ಸಲ ಸೋತಿದ್ದು ಉತ್ತರ ಗೊತ್ತಿದ್ದೂ ಸೋತಿದ್ದು, ಅದಕ್ಕೇ ಇವತ್ತಿಗೂ ಉರಿಯುತ್ತೆ. ತಯಾರಿ ಹೇಗೆ ಮಾಡ್ಕೊಂಡೆ ಅಂತ ವಿಚಾರಿಸೋ ಮಕ್ಕಳು, ಮಕ್ಕಳಿಗಿಂತ ಜಾಸ್ತಿ ಅವರ ಅಪ್ಪ ಅಮ್ಮಂದಿರು, ಎಲ್ಲರೂ ಕೇಳೋದು ಯಾವ ಜಿಕೆ ಪುಸ್ತಕ ಓದಿದೆ ಅಂತ. ಬಜರ್ ಹೇಗೆ ಒತ್ತಿದೆ ಅಂತ ಒಬ್ಬರೂ ಕೇಳಿಲ್ಲ, ಆದ್ರೆ ನನಗೆ ಹೇಳೋಕಿರೋದು ಹೆಚ್ಚುಕಡಿಮೆ ಅದೊಂದೇ.

ಸೆಲೆಕ್ಷನ್ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ. ಮೊದಲು ಬರೆಯೋ ಟೆಸ್ಟ್, ಆಮೇಲೆ ಕ್ಯಾಮೆರಾ ಮುಂದೆ ಕೂರಿಸಿ ಐದು ನಿಮಿಷ ಮಾತಾಡ್ಸಿದ್ರು. ಟೆಸ್ಟಲ್ಲಿ ನನಗಿಂತ ಜಾಸ್ತಿ ಮಾರ್ಕ್ಸ್ ತಗೊಂಡಿದ್ದ ಹುಡುಗ ಅಲ್ಲಿ ಕೇಳಿದ್ದಕ್ಕೆಲ್ಲ ಹೂಂ ಉಹೂಂ ಅಂತಿದ್ದ, ಹೊರಗೆ ಹೋದ. ಟಿವಿಯವರಿಗೆ ಉತ್ತರ ಗೊತ್ತಿರೋ ಮಕ್ಕಳು ಸಾಲದು, ತಪ್ಪು ಹೇಳಿದಾಗ ಮುಖದಲ್ಲಿ ಏನಾದ್ರೂ ಕಾಣೋ ಮಕ್ಕಳು ಬೇಕು. ಕ್ರೂರ ಅನ್ಸುತ್ತೆ, ಆದ್ರೆ ಶೋ ನಡೆಸೋರ ಕಷ್ಟನೂ ಅರ್ಥ ಆಗುತ್ತೆ.

ಸ್ಟುಡಿಯೋ ಹೇಗಿರುತ್ತೆ ಅಂತ ಮಾತ್ರ ಯಾರಾದ್ರೂ ಮೊದಲೇ ಹೇಳಿದ್ದಿದ್ರೆ ಚೆನ್ನಾಗಿತ್ತು. ಒಂದೇ ದಿನ ನಾಲ್ಕೈದು ಎಪಿಸೋಡ್ ಶೂಟ್ ಮಾಡ್ತಾರೆ, ಬೆಳಿಗ್ಗೆ ಬನ್ನಿ ಅಂತಾರೆ, ನಮ್ಮ ಸರದಿ ಬರೋ ಹೊತ್ತಿಗೆ ಸಾಯಂಕಾಲ, ಅಷ್ಟರಲ್ಲಿ ಅರ್ಧ ಜೀವ ಕಾಯೋದ್ರಲ್ಲೇ ಹೋಗಿರುತ್ತೆ. ಸಣ್ಣ ಗೆರೆ, ಸಣ್ಣ ಚೌಕಳಿ ಇರೋ ಶರ್ಟ್ ಹಾಕ್ಕೊಂಡು ಹೋದ್ರೆ ಬದಲಾಯಿಸಿ ಅಂತಾರೆ, ಕ್ಯಾಮೆರಾದಲ್ಲಿ ಅದು ಅಲೆ ಅಲೆಯಾಗಿ ಮಿಣುಗುತ್ತಂತೆ. ಮೈಕ್ ಕಾಲರ್‌ಗೆ, ಅದರ ಬ್ಯಾಟರಿ ಡಬ್ಬಿ ಬೆನ್ನ ಹಿಂದೆ ಸೊಂಟಕ್ಕೆ, ಹಾಗಾಗಿ ಕುರ್ಚಿಗೆ ಒರಗೋ ಹಾಗಿಲ್ಲ. ತಲೆ ಮೇಲೆ ಲೈಟಿನ ಬಿಸಿ, ಕಾಲ ಹತ್ರ ಏಸಿ ಚಳಿ. ಚಪ್ಪಾಳೆ ಬೇರೆ ರೆಕಾರ್ಡ್ ಮಾಡ್ಕೊಳ್ತಾರೆ, ಏನೂ ಆಗದೇ ಇರುವಾಗ ಜನ ಹೋ ಅಂತ ತಟ್ಟೋದು ನೋಡಿ ನನ್ನ ಪಾರ್ಟ್ನರ್‌ಗೆ ನಗು ತಡೆಯೋಕಾಗ್ಲಿಲ್ಲ, ಬೈಸ್ಕೊಂಡ.

ಈಗ ಬಜರ್. ಮೊದಲು ಒತ್ತಿದವರ ಲೈಟ್ ಹತ್ತುತ್ತೆ, ಅದೇ ಕ್ಷಣ ಉಳಿದವರದ್ದೆಲ್ಲ ಲಾಕ್. ಎಲ್ಲ ಶೋನಲ್ಲೂ ಒಂದೇ ರೂಲ್ ಇರಲ್ಲ, ಅದನ್ನ ಮೊದಲೇ ತಿಳ್ಕೋಬೇಕು. ಅಮೆರಿಕದ ಜೆಪರ್ಡಿಯಲ್ಲಿ ಪೂರ್ತಿ ಓದಿ ಮುಗಿಸೋವರೆಗೂ ಬಜರ್ ಕೆಲಸನೇ ಮಾಡಲ್ಲ, ಆತುರ ಪಟ್ಟು ಮೊದಲೇ ಒತ್ತಿದ್ರೆ ಕಾಲು ಸೆಕೆಂಡ್ ನಿಮ್ಮದು ಲಾಕ್ ಆಗುತ್ತೆ. 1985ರವರೆಗೆ ಅಲ್ಲೂ ಮಧ್ಯದಲ್ಲೇ ಒತ್ತಬಹುದಿತ್ತು, ಆಮೇಲೆ ಬದಲಾಯಿಸಿದ್ರು. ಬ್ರಿಟನ್ನಿನ ಯೂನಿವರ್ಸಿಟಿ ಚಾಲೆಂಜ್‌ನಲ್ಲಿ ಇವತ್ತಿಗೂ ಮಧ್ಯದಲ್ಲೇ ಒತ್ತಬಹುದು, ಆದ್ರೆ ಹಾಗೆ ಒತ್ತಿ ತಪ್ಪು ಹೇಳಿದ್ರೆ 5 ಪಾಯಿಂಟ್ ಕಟ್. ನಮ್ಮದು ಎರಡನೇ ಜಾತಿ. ಒತ್ತಿದ ತಕ್ಷಣ ಓದೋದು ನಿಲ್ಲುತ್ತೆ, ಸರಿ ಹೇಳಿದ್ರೆ 10, ತಪ್ಪಾದ್ರೆ ಮೈನಸ್ 5, ಪ್ರಶ್ನೆಯ ಉಳಿದ ಭಾಗ ಪಕ್ಕದ ಟೀಮಿಗೆ ಸಲೀಸಾಗಿ ಸಿಗುತ್ತೆ.

ಕೊನೇ ಸುತ್ತು, ನಾವು 5 ಪಾಯಿಂಟ್ ಮುಂದೆ ಇದ್ವಿ. ಕ್ವಿಜ್ ಮಾಸ್ಟರ್ ಶುರು ಮಾಡಿದ್ರು: "ಎವರೆಸ್ಟ್ ಶಿಖರವನ್ನು 1953ರಲ್ಲಿ..." ನಾನು ಒತ್ತಿಬಿಟ್ಟೆ. ಕೈಯೇ ಒತ್ತಿತು ಅಂದ್ರೂ ಸರಿ. ಹಿಲರಿ ಮತ್ತು ತೇನ್‌ಸಿಂಗ್ ಅಂತ ಎದೆ ಉಬ್ಬಿಸಿ ಹೇಳಿದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದ್ರು, ಆಮೇಲೆ ಕಾರ್ಡ್ ಕಡೆ ನೋಡಿ ಪೂರ್ತಿ ಓದಿದ್ರು. "ಎವರೆಸ್ಟ್ ಶಿಖರವನ್ನು 1953ರಲ್ಲಿ ಮೊದಲು ಹತ್ತಿದವರು ಹಿಲರಿ ಮತ್ತು ತೇನ್‌ಸಿಂಗ್. ಅದಾದ 22 ವರ್ಷಗಳ ನಂತರ ಅದನ್ನು ಹತ್ತಿದ ಮೊದಲ ಮಹಿಳೆ ಯಾರು?" ಜಂಕೊ ತಾಬೇಯಿ, ಜಪಾನ್, 1975. ನನ್ನ ನೋಟ್‌ಬುಕ್ಕಲ್ಲಿ ಕೆಂಪು ಇಂಕಲ್ಲಿ ಬರ್ಕೊಂಡಿದ್ದ ಹೆಸರು. ಪಕ್ಕದ ಟೀಮಿನ ಹುಡುಗಿ ಅದನ್ನ ಹೇಳೋವಾಗ ನಾನು ಮೇಜಿನ ಕೆಳಗೆ ಬ್ಯಾಟರಿ ವೈರ್ ತಿರುಚ್ತಾ ಕೂತಿದ್ದೆ.

ಮನೆಗೆ ಬಂದ ಮೇಲೆ ಅಕ್ಕ ಒಂದು ಮಾತು ಅಂದಳು. ಕೊನೇ ಸುತ್ತಲ್ಲಿ ಅಷ್ಟು ಸುಲಭದ ಪ್ರಶ್ನೆ ಕೇಳ್ತಾರೇನೋ ಪೆದ್ದ ಅಂತ. ನನಗೆ ಅದು ಹೊಳೆದೇ ಇರಲಿಲ್ಲ. ಮೂರನೇ ಕ್ಲಾಸ್ ಮಗುಗೂ ಗೊತ್ತಿರೋ ಉತ್ತರ ಅರ್ಧ ವಾಕ್ಯದಲ್ಲೇ ಬಂತು ಅಂದ್ರೆ ಮುಂದೆ ತಿರುವು ಇದೆ ಅಂತಲೇ ಅರ್ಥ.

ಆಮೇಲೆ ಒಂದು ವರ್ಷ ನಾವಿಬ್ಬರೂ ಮಾಡಿದ್ದು ಇದೇ ಕೆಲಸ. ಅವಳು ಪ್ರಶ್ನೆ ಓದೋದು, ನಾನು ಬಾಲ್ ಪೆನ್ ಟಿಕ್ ಅನ್ನಿಸೋದು, ಟಿಕ್ ಅಂದಾಗ ಅವಳು ಯಾವ ಅಕ್ಷರದಲ್ಲಿದ್ಲೋ ಅಲ್ಲಿ ಪೆನ್ಸಿಲಲ್ಲಿ ಗೆರೆ. ಸರಿ ಆದ್ರೆ ಗೆರೆ ಪಕ್ಕ ಚುಕ್ಕೆ, ತಪ್ಪಾದ್ರೆ ಗುಂಡು ಸುತ್ತೋದು. ಒಂದು ತಿಂಗಳು ಆದ್ಮೇಲೆ ಹಾಳೆಗಳನ್ನ ಹರಡ್ಕೊಂಡು ನೋಡಿದ್ರೆ ಗುಂಡು ಸುತ್ತಿದ್ದೆಲ್ಲ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ, ಹೆಸರು ಕೇಳಿದ ಕೂಡಲೇ, ಅದರ ಬಾಲ ಕೇಳೋ ಮೊದಲೇ ಒತ್ತಿದ್ದು.

ಇಂಗ್ಲಿಷ್ ಕ್ವಿಜ್‌ನಲ್ಲಿ ಹೂ, ವಿಚ್, ವೇರ್ ಎಷ್ಟೋ ಸಲ ಮೊದಲೇ ಬಂದುಬಿಡುತ್ತೆ, ಏನು ಕೇಳ್ತಿದಾರೆ ಅಂತ ಗೊತ್ತಾಗುತ್ತೆ. ಕನ್ನಡದಲ್ಲಿ ಯಾರು, ಯಾವುದು, ಎಲ್ಲಿ ಬರೋದು ಕಟ್ಟಕಡೆಗೆ. ಅಲ್ಲಿವರೆಗೆ ಕಾದ್ರೆ ಬೇರೆಯವರು ಒತ್ತಿರ್ತಾರೆ. ಹಾಗಾದ್ರೆ ದಾರಿ ತೋರಿಸೋದೇನು ಅಂದ್ರೆ ಸ್ಕೂಲಲ್ಲಿ ಉರು ಹೊಡೆದು ಮರೆತ ವಿಭಕ್ತಿ ಪ್ರತ್ಯಯ! ಎವರೆಸ್ಟ್‌ಗೆ ಅಂದ್ರೆ ಬಹುಪಾಲು ಹೆಸರಿನ ವಿಷಯ, ನೇಪಾಳದಲ್ಲಿ ಸಗರಮಾಥಾ, ಟಿಬೆಟ್‌ನಲ್ಲಿ ಚೊಮೊಲುಂಗ್ಮಾ, ಇಲ್ಲ ಜಾರ್ಜ್ ಎವರೆಸ್ಟ್. ಎವರೆಸ್ಟಿನ ಅಂದ್ರೆ ಎತ್ತರ ಇರಬಹುದು, 2020ರಲ್ಲಿ ಘೋಷಣೆ ಆದ ಹೊಸ ಲೆಕ್ಕ 8848.86 ಮೀಟರ್. ಎವರೆಸ್ಟನ್ನು ಅಂದ್ರೆ ಹತ್ತಿದವರು, ಆದ್ರೆ ಯಾವ ಹತ್ತಿದವರು ಅನ್ನೋದು ಇನ್ನೊಂದು ಪದ ಕೇಳಿದ ಮೇಲೇನೇ. ಆಮ್ಲಜನಕ ಅಂತ ಬಂದ್ರೆ ಸಿಲಿಂಡರ್ ಇಲ್ಲದೆ ಮೊದಲು ಹತ್ತಿದ 1978ರ ಮೆಸ್ನರ್ ಮತ್ತು ಹ್ಯಾಬೆಲರ್, ಒಂಟಿಯಾಗಿ ಅಂದ್ರೆ 1980ರ ಮೆಸ್ನರ್ ಒಬ್ಬರೇ. ಎವರೆಸ್ಟ್‌ಗಿಂತ ಅಂತ ಶುರು ಆಯ್ತೋ, ಪೆನ್ ಕೆಳಗಿಟ್ಟು ಕಾಯೋದೇ ವಾಸಿ, ಅದು ಸಮುದ್ರದ ತಳದಿಂದ ಅಳೆದ್ರೆ ಇನ್ನೂ ಎತ್ತರ ಇರೋ ಹವಾಯಿಯ ಮೌನಾ ಕೇಯಾಗೂ ಹೋಗಬಹುದು, ಮಂಗಳ ಗ್ರಹದ ಪರ್ವತಕ್ಕೂ ಹೋಗಬಹುದು.

ಹೀಗೆ ಒಂದೊಂದು ಹೆಸರಿಗೂ ನಾವು ಬಾಲ ಕಟ್ಟಿ ಆಡ್ತಿದ್ವಿ. ಊಟ ಮಾಡ್ತಾ ಅಕ್ಕ ಸುಮ್ನೆ "ಆಸ್ಟ್ರೇಲಿಯಾಗೆ" ಅನ್ನೋಳು, ನಾನು ಏನೇನು ಬರಬಹುದು ಅಂತ ಹೇಳ್ತಾ ಹೋಗ್ಬೇಕು. ಮನೆಯವರಿಗೆ ತಲೆ ಕೆಟ್ಟುಹೋಗಿತ್ತು.

ಪಾಯಿಂಟ್ ಲೆಕ್ಕನೂ ಅವಳೇ ಹಾಕಿದ್ದು. 10 ಮತ್ತು ಮೈನಸ್ 5 ಅಂದಾಗ ಮೂರರಲ್ಲಿ ಒಂದು ಸರಿ ಆದ್ರೂ ನಷ್ಟ ಇಲ್ವಲ್ಲ, ಒಂದಕ್ಕೆ 10 ಬಂತು, ಎರಡಕ್ಕೆ 10 ಹೋಯ್ತು, ಒತ್ತಿ ಬಿಡೋಣ ಅಂತ ನಾನಂದ್ಕೊಂಡಿದ್ದೆ. ಆದ್ರೆ ತಪ್ಪಾದಾಗ ಎದುರು ಟೀಮ್ ಪೂರ್ತಿ ಪ್ರಶ್ನೆ ಕೇಳಿ 10 ತಗೊಂಡ್ರೆ ನಮ್ಮಿಬ್ಬರ ನಡುವಿನ ಅಂತರ 15 ಬದಲಾಗುತ್ತೆ. ಐದು ಸಲ ಒತ್ತಿ ಮೂರು ಸರಿ ಎರಡು ತಪ್ಪು ಆದ್ರೆ, ಗೆದ್ದಿದ್ದು 30, ಕಳ್ಕೊಂಡಿದ್ದು 30, ಇದ್ದಲ್ಲೇ ಇದ್ದೀವಿ. ಐದರಲ್ಲಿ ನಾಲ್ಕು ಸರಿ ಬರೋ ಧೈರ್ಯ ಇದ್ರೆ ಮಾತ್ರ ಒತ್ತೋದು ಅಂತ ನಾವು ತೀರ್ಮಾನ ಮಾಡ್ಕೊಂಡ್ವಿ. ತುಂಬಾ ಹಿಂದೆ ಬಿದ್ದಾಗ ಈ ಲೆಕ್ಕ ಮರೆತು ಜೂಜಾಡಲೇಬೇಕು, ಅದು ಬೇರೆ.

ಓದಿದ್ದರ ಬಗ್ಗೆನೂ ಸ್ವಲ್ಪ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಅಪ್ಪ ಅಮ್ಮಂದಿರು ಬಿಡಲ್ಲ. ರಾಜಧಾನಿ, ಕರೆನ್ಸಿ ಪಟ್ಟಿ ಉರು ಹೊಡೆದಿದ್ದು ಒಂದೂ ಉಳಿಯಲ್ಲ. ಉಳಿಯೋದು ಜಗಳ, ಕಾರಣ, ಕಥೆ. ಸಿಡ್ನಿ ಮತ್ತು ಮೆಲ್ಬರ್ನ್ ಇಬ್ಬರೂ ನಾನು ರಾಜಧಾನಿ ನಾನು ರಾಜಧಾನಿ ಅಂತ ಹಟ ಹಿಡಿದ್ರು, ಕೊನೆಗೆ ಇಬ್ಬರಿಗೂ ಬೇಡ ಅಂತ ಮಧ್ಯೆ ಹೊಸ ಊರೇ ಕಟ್ಟಿದ್ರು, 1913ರಲ್ಲಿ ಅದಕ್ಕೆ ಕ್ಯಾನ್‌ಬೆರಾ ಅಂತ ಹೆಸರಿಟ್ರು. ಇಷ್ಟು ಗೊತ್ತಾದ್ಮೇಲೆ ಅದನ್ನ ಮರೆಯೋದೇ ಕಷ್ಟ. ಕಥೆ ಇಲ್ಲದ ಒಣ ವಿಷಯಕ್ಕೆ ಕಾರ್ಡ್ ಡಬ್ಬಿ ಇಟ್ಕೊಂಡಿದ್ದೆ, ಲೈಟ್ನರ್ ಅನ್ನೋ ಜರ್ಮನ್ ಪತ್ರಕರ್ತ 1972ರಲ್ಲಿ ಬರೆದ ಪದ್ಧತಿ ಅದು. ಸರಿ ಹೇಳಿದ ಕಾರ್ಡ್ ಮುಂದಿನ ಖಾನೆಗೆ, ತಪ್ಪಿದ್ದು ಎಷ್ಟು ಮುಂದೆ ಹೋಗಿದ್ರೂ ವಾಪಸ್ ಮೊದಲನೇ ಖಾನೆಗೆ, ಮೊದಲನೇದನ್ನ ದಿನಾ ನೋಡೋದು, ಕೊನೇದನ್ನ ಯಾವಾಗ್ಲೋ ಒಮ್ಮೆ. ಜಂಕೊ ತಾಬೇಯಿ ಕಾರ್ಡ್ ಕೊನೇ ಖಾನೆಯಲ್ಲಿತ್ತು ಅನ್ನೋದು ಬೇರೆ ಮಾತು.

ಎರಡನೇ ವರ್ಷ ಅದೇ ಸ್ಟುಡಿಯೋ, ಅದೇ ಚಳಿ, ಈ ಸಲ ಒಳಗೊಂದು ದಪ್ಪ ಬನಿಯನ್ ಹಾಕ್ಕೊಂಡು ಹೋಗಿದ್ದೆ. ಮೊದಲ ಮೂರು ಬಜರ್ ಪ್ರಶ್ನೆಗೆ ಸುಮ್ನೆ ಕೂತೆ, ಪಾರ್ಟ್ನರ್ ಮೇಜಿನ ಕೆಳಗೆ ಕಾಲಲ್ಲಿ ಒದೀತಿದ್ದ. ನಾಲ್ಕನೇದು: "ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್..." ಬೆರಳು ಎದ್ದಿತು, ಒತ್ತಲಿಲ್ಲ. "...ಇಬ್ಬರೂ..." ಇಲ್ಲಿ ಒಳಗೆ ಏನೋ ಜುಮ್ ಅಂತು. ಇಬ್ಬರೂ ಅಂತ ಎಣಿಸಿ ಹೇಳ್ತಿದಾರೆ ಅಂದ್ರೆ ಮೂರನೆಯವನನ್ನ ಕೇಳೋಕೆ. ಆದ್ರೂ ಇಬ್ಬರೂ ಸೇರಿ ನೆಟ್ಟಿದ್ದು, ತಂದಿದ್ದು, ಅಂತ ಏನಾದ್ರೂ ಆಗಬಹುದಲ್ಲ. "...ಚಂದ್ರನ ಮೇಲೆ ಇಳಿದಾಗ..." ಆ 'ದಾಗ' ಕಿವಿಗೆ ಬಿದ್ದಿದ್ದೇ ಒತ್ತಿದೆ. ಮೈಕೆಲ್ ಕಾಲಿನ್ಸ್. ಸುತ್ತುತ್ತಾ ಮೇಲೇ ಉಳಿದ ಮನುಷ್ಯ. ಕ್ವಿಜ್ ಮಾಸ್ಟರ್ ಕಾರ್ಡ್ ಕೆಳಗಿಟ್ಟು ನಕ್ಕಿದ್ರು, ಅವರ ನಗು ನೋಡೋವರೆಗೂ ನನಗೆ ಉಸಿರಾಟ ಇರಲಿಲ್ಲ.

ಆ ಎಪಿಸೋಡ್ ಗೆದ್ವಿ, ಮುಂದಿನ ಸುತ್ತಲ್ಲಿ ಸಿನಿಮಾ ಪ್ರಶ್ನೆಗಳಲ್ಲಿ ನೆಲ ಕಚ್ಚಿದ್ವಿ, ಅದಕ್ಕೆ ಬೇಜಾರಿಲ್ಲ, ಅದು ನಿಜವಾಗಿ ಗೊತ್ತಿರಲಿಲ್ಲ.

ಟೆಲಿಕಾಸ್ಟ್ ಆಗಿದ್ದು ಆರು ವಾರ ಬಿಟ್ಟು. ಅಲ್ಲಿವರೆಗೆ ಯಾರಿಗೂ ರಿಸಲ್ಟ್ ಹೇಳಬಾರದು ಅಂತ ಸಹಿ ಹಾಕಿಸ್ಕೊಂಡಿದ್ರು, ಹೊಟ್ಟೆಯಲ್ಲಿ ಕೆಂಡ ಇಟ್ಕೊಂಡ ಹಾಗೆ ಓಡಾಡಿದೆ. ಮನೆ ತುಂಬಾ ಜನ. ಕಾಲಿನ್ಸ್ ಪ್ರಶ್ನೆ ಬಂತು ಅಂತ ನಾನು ಎಲ್ಲರನ್ನೂ ಸುಮ್ಮನಿರಿಸಿದೆ. ನೋಡಿದ್ರೆ ವೀಕ್ಷಕರಿಗೆ ಅರ್ಥ ಆಗಲಿ ಅಂತ ಪ್ರಶ್ನೆನ ಆಮೇಲೆ ಪೂರ್ತಿ ಓದಿಸಿ ಎಡಿಟ್ ಮಾಡಿ ಸೇರಿಸಿಬಿಟ್ಟಿದ್ರು. ಯಾರು ಅಂತ ಕೇಳಿ ಮುಗಿಸಿ, ಒಂದು ಕ್ಷಣ ಬಿಟ್ಟು, ಆಮೇಲೆ ನನ್ನ ಲೈಟ್ ಹತ್ತುತ್ತೆ. ಹಿಂದೆ ಸೋಫಾದಲ್ಲಿದ್ದ ಚಿಕ್ಕಪ್ಪನ ಮಗ ಕೇಳಿದ, "ಗೊತ್ತಿತ್ತಲ್ಲ, ಅಷ್ಟು ಲೇಟಾಗಿ ಯಾಕೋ ಒತ್ತಿದೆ?" ಅಕ್ಕ ಅಡುಗೆಮನೆಗೆ ಓಡಿಹೋಗಿ ನಗೋದು ಇಲ್ಲಿವರೆಗೂ ಕೇಳಿಸ್ತಿತ್ತು.